ಪ್ರಾಂಪ್ಟ್ ಓದಿ ಎಂಟರ್ ಒತ್ತುತ್ತಿದ್ದವರಿಗೆ

ನನಗೆ ಕೆಲಸ ಕಲಿಸಿದ ಬೆನ್ನಿಯಣ್ಣಾ,

ಸೀತಾಂಗೋಳಿಯ ಗೋಡೌನಿನಲ್ಲಿ ಮೊದಲ ದಿನ ರೂಟರಿನ ಕಪ್ಪು ಪರದೆ ತೋರಿಸಿ ಕೇಳಿದಿರಿ, "ಎಂತ ಕಾಣ್ತದೆ?" "ಸೀತಾಂಗೋಳಿ ಅಂತ ಉಂಟು, ಪಕ್ಕದಲ್ಲೊಂದು ಬಾಣ." "ಇದಕ್ಕೆ ಪ್ರಾಂಪ್ಟ್ ಅಂತ. ಹೆಸರು ನೀನು ಯಾವ ರೂಟರ್ ಪೆಟ್ಟಿಗೆಯೊಳಗೆ ಇದ್ದೀ ಹೇಳ್ತದೆ, ಚಿಹ್ನೆ ನಿನಗೆಷ್ಟು ಅಧಿಕಾರ ಹೇಳ್ತದೆ." ಕನ್ನಡ ಮೀಡಿಯಂ ಬಿ.ಎ. ಆದ ನನಗೆ ಅದು ಪ್ರಾಸವಿಲ್ಲದೆ ತಲೆಗೆ ಹೋದೀತೇ? ನಾನೇ ಕಟ್ಟಿಕೊಂಡೆ: ಬಾಣ ಇದ್ದರೆ ಬರೀ ನೋಟ, ಹ್ಯಾಶ್ ಬಂದರೆ ಪೂರಾ ತೋಟ, ಕಾನ್ಫಿಗ್ ಅಂದರೆ ಕೈಯಾಟ, ಏನು ಬೇಕಾದರೂ ತಿದ್ದಬಹುದು ಅಂತ. "ನಿನಗೆ ರೂಟರ್ ಯಾಕೆ ಮಾರಾಯ, ತಾಳಮದ್ದಳೆಗೆ ಹೋಗು" ಎಂದು ನಕ್ಕಿರಿ.

ಕಂಪೆನಿಯ ವಿದ್ಯಾನಗರ ಆಫೀಸಿನಲ್ಲಿ ನಿಮ್ಮ ಹೆಸರು "ಜಪದ ಬೆನ್ನಿ". ಎಂಟರ್ ಒತ್ತುವ ಮೊದಲು ಪ್ರಾಂಪ್ಟನ್ನು ಗಟ್ಟಿಯಾಗಿ ಓದುವುದು ನಿಮ್ಮ ನೇಮ. ಎರಡು ಊರಿನ ಪೆಟ್ಟಿಗೆ ಒಂದೇ ಪರದೆಯಲ್ಲಿ ತೆರೆದಿರುವಾಗ ಕೈಗೆ ಊರು ಗೊತ್ತಾಗುವುದಿಲ್ಲ ಅಂತ. ಕೊಚ್ಚಿಯಿಂದ ಬಂದ ಹೊಸ ಇಂಜಿನಿಯರ್ ಕೇಳಿದ, "ಚೇಟ್ಟಾ, ಇದೆಂತ ಇಗರ್ಜಿಯಾ, ಪ್ರಾರ್ಥನೆ ಮಾಡ್ಲಿಕ್ಕೆ?"

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂದಾಗ ವಿದ್ಯಾನಗರದ ಪೆಟ್ಟಿಗೆ ತನ್ನ ಹೆಸರನ್ನೇ ಮರೆತಿತ್ತು. ಪ್ರಾಂಪ್ಟಿನಲ್ಲಿ ಬರೇ "ರೂಟರ್", ಅಂಗಡಿಯಿಂದ ತಂದ ದಿನದ ಹಾಗೆ. ನೀವು ಹಾಕಿದ ಒಂದು ಸಾಲೂ ಇಲ್ಲ. "ಬೆನ್ನಿ ಸೇವ್ ಮಾಡದೆ ಬಿಟ್ಟದ್ದು" ಎಂದ ಇಂಜಿನಿಯರ್. ನೀವು ಇಲ್ಲ ಎಂದದ್ದನ್ನು ಯಾರು ಕೇಳಿದರು? ಮರುದಿನದಿಂದ ನಿಮಗೆ ಗೇಟು ಬಂದ್.

ಮಂಜೇಶ್ವರದ ನಿಮ್ಮ ಮನೆಗೆ ನಾನು ಬಂದಾಗೆಲ್ಲ ನಿಮ್ಮದು ಅದೇ ಮಾತು. "ಸೇವ್ ಮಾಡಿದ್ದೆನಲ್ಲ ಮಾರಾಯ... ಅಥವಾ..." ಕೆಲಸ ಹೋದದ್ದಕ್ಕಿಂತ ಆ 'ಅಥವಾ' ನಿಮ್ಮನ್ನು ತಿಂದಿತು. ಮರುವರ್ಷ ನಿಮ್ಮನ್ನು ಮಣ್ಣಿಗೆ ಕೊಟ್ಟೆವು. ನಿಮ್ಮ ಮೇಲೆ ನಿಮಗೇ ಸಂಶಯ ಹುಟ್ಟಿಸಿದ ಆ ಮನುಷ್ಯನನ್ನು ನಾನು... ಬಿಡಿ.

ಈಗ ಸುದ್ದಿ. ಆ ಇಂಜಿನಿಯರ್ ಮ್ಯಾನೇಜರ್ ಆದ. ಪಾರ್ಟಿಯಲ್ಲಿ ಬಿರಿಯಾನಿ ತಿನ್ನುತ್ತಾ ತಮಾಷೆಗೆಂದು ಹೇಳಿದ: ಅಂದು ಬೆಳಿಗ್ಗೆ ಸೀತಾಂಗೋಳಿಯ ಹಳೇ ಪೆಟ್ಟಿಗೆಯಲ್ಲಿ ಸೇವ್ ಆದದ್ದನ್ನು ಅಳಿಸಲು ಹೊರಟವನು, ಪ್ರಾಂಪ್ಟ್ ನೋಡದೆ ವಿದ್ಯಾನಗರದ್ದನ್ನು ಅಳಿಸಿದನಂತೆ. ಸೇವ್ ಆದದ್ದನ್ನು ಪೆಟ್ಟಿಗೆ ಹುಡುಕುವುದು ಆಫ್ ಆಗಿ ಮತ್ತೆ ಆನ್ ಆದಾಗ ಮಾತ್ರ, ಹಾಗಾಗಿ ಕರೆಂಟ್ ಹೋಗುವವರೆಗೆ ಅದು ಏನೂ ಆಗದ ಹಾಗೆ ಓಡಿತ್ತಂತೆ. ಎಲ್ಲರೂ ನಕ್ಕರು. ನಾನು ಅರ್ಧಕ್ಕೆ ಕೈ ತೊಳೆದು ಅವನನ್ನು ಕೇಳಿದೆ, "ಇದನ್ನು ಬೆನ್ನಿಯಣ್ಣನ ಹೆಂಡತಿ ಲಿಲ್ಲಿಬಾಯಿ ಎದುರು ಹೇಳ್ತೀರೋ, ಹೆಡ್ಡಾಫೀಸಿಗೆ ನಾನೇ ಹೇಳಬೇಕೋ?"

ಆದಿತ್ಯವಾರ ನನ್ನ ಜೊತೆ ನಿಮ್ಮ ಮನೆಗೆ ಬಂದ. ತಲೆ ತಗ್ಗಿಸಿ ಎಲ್ಲ ಹೇಳಿದ. ಲಿಲ್ಲಿಬಾಯಿ ಪೂರ್ತಿ ಕೇಳಿದರು, "ಆಯಿತು" ಎಂದರು, ಒಳಗೆ ಹೋದರು. ಚಹಾ ಕುದಿಯುವ ವಾಸನೆ ಬಂತು. ಹೊರಗೆ ಬಂದದ್ದು ಒಂದೇ ಲೋಟ, ನನಗೆ.