ಮೂರು ಸಲ ಮಾರಾಟವಾದ ಪೆಟ್ಟಿಗೆ

ಷೇರುಪೇಟೆಯನ್ನು ಕಾಯುವ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಮಿರಜಿನ ನನ್ನ ಗೋದಾಮಿನಲ್ಲಿ ಮಸಾಲೆ ಪುಡಿಯ ಒಂದು ಪೆಟ್ಟಿಗೆ ಇದೆ. ಅದು ಈ ಹಣಕಾಸು ವರ್ಷದಲ್ಲಿ ಮೂರು ಸಲ ಮಾರಾಟವಾಗಿದೆ, ಮೂರೂ ಸಲ ನನಗೇ. ಯಾರ ಸಾರಿಗೂ ಅದು ಇನ್ನೂ ಬಿದ್ದಿಲ್ಲ. ಆದರೆ ತಮ್ಮ ನಿಯಮದಂತೆ ಮೂರು ತಿಂಗಳಿಗೊಮ್ಮೆ ಪತ್ರಿಕೆಯಲ್ಲಿ ಅಚ್ಚಾಗುವ, ಅದನ್ನು ತಯಾರಿಸಿದ ಕಂಪನಿಯ ಫಲಿತಾಂಶದಲ್ಲಿ ಪ್ರತಿ ಸಲವೂ ಆದಾಯವಾಗಿ ಮೆರೆದಿದೆ.

ನಾನು ಸಾಂಗ್ಲಿವಾಡಿಯಿಂದ ಸೈಕಲ್ಲಿನಲ್ಲಿ ಸೇತುವೆ ದಾಟಿ ಊದುಬತ್ತಿ ಮಾರಿ ಮೇಲೆ ಬಂದು, ಈ ಕಂಪನಿಯ ಮಾಲಿನ ಏಜೆಂಟನಾದವನು. ಮಾಲು ಬಂದ ದಿನ ಪೆಟ್ಟಿಗೆಯ ಬೆನ್ನಿಗೆ ಸೀಮೆಸುಣ್ಣದಿಂದ ತಾರೀಖು ಬರೆಯುವುದು ಅಂದಿನಿಂದ ಬಂದ ರೂಢಿ. ಕಳೆದ ಜೂನ್ ಮೂವತ್ತರಂದು, ತ್ರೈಮಾಸಿಕದ ಕೊನೆಯ ದಿನ, ಕಂಪನಿಯ ಅಧಿಕಾರಿ ರಾಜಕುಮಾರ ನಾನು ಕೇಳದ ಮುನ್ನೂರು ಪೆಟ್ಟಿಗೆ ಇಳಿಸಿದ. "ಕಾಕಾ, ಬರೇ ಹದಿನೈದು ದಿನ ಇಟ್ಕೊಳ್ರಿ. ಸಹಿ ಮಾಡ್ರಿ ಸಾಕು, ರೊಕ್ಕದ್ದು ಆಮ್ಯಾಲ." ಒಲ್ಲೆ ಎಂದರೆ ಏಜೆನ್ಸಿ ಅದಕ್ಕಾಗಿ ಕಾದು ಕೂತ ಮಾಧವನಗರದ ವ್ಯಾಪಾರಿ ಪ್ರತಾಪನ ಪಾಲು. ಸಹಿ ಮಾಡಿದೆ. ಜುಲೈ ಮಧ್ಯದಲ್ಲಿ ಮಾಲು ಹಿಂದಕ್ಕೆ ಹೋಯಿತು. ಸೆಪ್ಟೆಂಬರ್ ಮೂವತ್ತಕ್ಕೆ ಐನೂರು ಬಂದವು. ಹಮಾಲ ದಾದಾಸಾಬ ಒಂದನ್ನು ಹೆಗಲಿನಿಂದ ಇಳಿಸಿ ನನ್ನ ಅಕ್ಷರವನ್ನೇ ನನಗೆ ತೋರಿಸಿದ: "ಮಾಲಕರ, ಇವು ನಮ್ಮ ಹಳೇ ಬೀಗರರಿ. ಮತ್ತ ಬಂದಾವ ನೋಡ್ರಿ."

ಮರಳಿದ ಮಾಲನ್ನು ಮುಂದಿನ ತ್ರೈಮಾಸಿಕದಲ್ಲಿ ಕಳೆಯುತ್ತಾರೆ ಎನ್ನುವಿರಿ. ಕಳೆಯುತ್ತಾರೆ, ಸ್ವಾಮಿ. ಆ ಹೊಂಡ ಮುಚ್ಚಲಿಕ್ಕೇ ಮುನ್ನೂರು ಐನೂರಾಗಿದ್ದು, ಆ ಐನೂರೂ ಅಕ್ಟೋಬರಿನಲ್ಲಿ ಹಿಂದಕ್ಕೆ ಹೋಗಿ ಡಿಸೆಂಬರ್ ಮೂವತ್ತೊಂದಕ್ಕೆ ಒಂಬೈನೂರಾಗಿದ್ದು. ಆ ಒಂಬೈನೂರನ್ನು ಒಯ್ಯಲು ಈವರೆಗೆ ಯಾರೂ ಬಂದಿಲ್ಲ. ಒಳಗೆ ಜಾಗವಿಲ್ಲದೆ ಕುರ್ಚಿ ಹಾಕಿಕೊಂಡು ಫುಟ್‌ಪಾತಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಈ ಮೂರು ತಿಂಗಳ ಲೆಕ್ಕಗಳಿಗೆ ಲೆಕ್ಕಪರಿಶೋಧಕರ 'ಸೀಮಿತ ಪರಿಶೀಲನೆ' ಆಗಿದೆಯಂತೆ. ಎಲ್ಲಿಗೆ ಸೀಮಿತ? ಕಚೇರಿಯ ಚಹಾದ ಕಪ್ಪಿಗೋ?

ಇದು ನನ್ನೊಬ್ಬನ ನಷ್ಟವಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನನ್ನ ಮಾವಶಿ, ಅಂದರೆ ಚಿಕ್ಕಮ್ಮ, ಇಂದುಬಾಯಿ ಮಂಡಿ ಆಪರೇಷನ್ನಿಗೆ ಇಟ್ಟ ಹಣವೆಲ್ಲ ಈ ಕಂಪನಿಯ ಷೇರಿನಲ್ಲಿದೆ. ನಾನು ಮಾರುವ ಮಾಲು ಎಂಬ ನಂಬಿಕೆಯಿಂದಲೇ ಕೊಂಡಳು. ಫೆಬ್ರವರಿಯ ಫಲಿತಾಂಶ ನೋಡಿ, ಇನ್ನೂ ಏರುತ್ತದೆಂದು ಆಪರೇಷನ್ನನ್ನು ಜೂನಿಗೆ ದೂಡಿದ್ದಾಳೆ. ಮೇ ತಿಂಗಳಲ್ಲಿ ಇಡೀ ವರ್ಷದ ಲೆಕ್ಕ ಪೂರ್ತಿ ಪರಿಶೋಧನೆಯಾಗಿ ಬರುತ್ತದೆ. ಆಮೇಲೆ ಆ ಷೇರಿನ ಗತಿ ಏನು? ಮೊನ್ನೆ ಕೋಲೂರಿಕೊಂಡು ಬಂದು, ಪೆಟ್ಟಿಗೆಗಳ ಗೋಡೆ ನೋಡಿ ಹಿಗ್ಗಿದಳು. "ಭೂಷಣಾ, ವ್ಯಾಪಾರ ಬಾಳ ಜೋರ ನಡದೈತಲ್ಲೋ. ಷೇರು ಇಟ್ಟುಕೊಳ್ಳಲೋ, ಮಾರಲೋ?"

ಮಾರು ಎಂದರೆ, ಪ್ರಕಟವಾಗದ ಒಳಸುದ್ದಿ ಕೊಟ್ಟ ಅಪರಾಧಿ ನಾನು. ಇಟ್ಟುಕೋ ಎಂದರೆ ಅವಳ ಕಾಲು ಮುರಿದವನು ನಾನು. "ಡಾಕ್ಟರಗ ಕೇಳ್ರಿ, ಮಾವಶಿ" ಎಂದೆ. "ಷೇರಿಂದು ಡಾಕ್ಟರಗ ಏನ ತಿಳಿತೈತಿ?" ಎಂದು ಬೈದು ಕುಂಟುತ್ತ ಹೋದಳು.

ಅಜ್ಜನ ಕಾಲದ ಅರಿಶಿನ ಪೇಟೆಯಲ್ಲಿ ರುಮಾಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ದರ ಮುಚ್ಚುತ್ತಿದ್ದರು, ಆದರೆ ಚೀಲ ಬಿಚ್ಚಿಟ್ಟಿರುತ್ತಿದ್ದರು. ತಾವು ದರ ತೋರಿಸಿ ಚೀಲದ ಮೇಲೆ ರುಮಾಲು ಹಾಸಿದ್ದೀರಿ.

ನನ್ನ ಬೇಡಿಕೆ ಒಂದೇ ಸಾಲಿನದು. ತ್ರೈಮಾಸಿಕ ಮುಗಿದ ಮೇಲೆ ಫಲಿತಾಂಶ ಹೇಳಲು ಕಂಪನಿಗೆ ನಲವತ್ತೈದು ದಿನ ಕೊಟ್ಟಿದ್ದೀರಲ್ಲ. ಕೊನೆಯ ವಾರ ಕಳಿಸಿದ ಮಾಲಿನಲ್ಲಿ ಆ ನಲವತ್ತೈದು ದಿನದೊಳಗೆ ಎಷ್ಟು ವಾಪಸಾಯಿತು, ಎಷ್ಟಕ್ಕೆ ಹಣ ಬಂತು ಎಂಬುದನ್ನು ಮಾರಾಟದ ಅಂಕಿಯ ಕೆಳಗೇ ಅಚ್ಚು ಹಾಕಿಸಿ.

ಕಂಪನಿಯ ಹೆಸರು ಮತ್ತು ನಾನು ಸಹಿ ಮಾಡಿದ ಮೂರು ಚೀಟಿಗಳ ನಕಲು ತಮ್ಮ ಕಚೇರಿಗೆ ರಿಜಿಸ್ಟರ್ ಟಪಾಲಿನಲ್ಲಿ ಬಂದಿವೆ. ಈ ಬಹಿರಂಗ ಪತ್ರದಲ್ಲಿ ಹೆಸರು ಅಚ್ಚು ಹಾಕಲು ಪತ್ರಿಕೆಯ ಸಂಪಾದಕರು ಒಪ್ಪಲಿಲ್ಲ. ಸುತ್ತಲೂ ಮರಾಠಿ ಇರುವಾಗ ಕನ್ನಡದಲ್ಲಿ ಏಕೆ ಬರೆದೆ ಎಂದು ಕೇಳಬಹುದು. ಅಥಣಿಯಲ್ಲಿ ಹುಟ್ಟಿದ ಮಾವಶಿ ಓದುವುದು ಈ ಪತ್ರಿಕೆಯೊಂದನ್ನೇ, ಮತ್ತು ನಾನು ಯಾರ ಮಾಲು ಮಾರುತ್ತೇನೆಂದು ಅವಳಿಗೆ ಗೊತ್ತು. ಅವಳ ಪ್ರಶ್ನೆಗೆ ಹೀಗೆ ಉತ್ತರಿಸಿದ್ದು ಅಪರಾಧವಾದರೆ ಹಿಡಿಯಲು ಬನ್ನಿ. ಬಂದಾಗ ಶಟರ್ ಎತ್ತಿಸಿ, ಪೆಟ್ಟಿಗೆಗಳ ಬೆನ್ನು ಓದಿ.

ಇಂತಿ,
ಕೊಳ್ಳದೆಯೇ ಕೊಂಡವನು, ತನ್ನ ಗೋದಾಮಿನ ಹೊರಗೆ ಕೂತವನು,
ಭೂಷಣ, ಮಿರಜ್