ನಿಮಗೊಂದು ಬೆಂಚು

ಅಲ್ ಬರ್ಷಾ, ದುಬೈ
ಶುಕ್ರವಾರ, ೧೮ ನವೆಂಬರ್ ೨೦೧೬

ಪ್ರೀತಿಯ ಯಜಮಾನರಿಗೆ,

ನಿಮ್ಮ ಚಾಮುಂಡೇಶ್ವರಿಯ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಒಬ್ಬಳೇ ಇರುವ ಮನೆಯಲ್ಲಿ ಎಲ್ಲರೂ ಎಂದು ಯಾರನ್ನು ಸೇರಿಸಿ ಬರೆಯಲಿ? ನಾನು ಕ್ಷೇಮ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ಎಂದು ನಂಬಿಕೊಂಡಿದ್ದೇನೆ.

ಫೋನ್ ಇರುವಾಗ ಇದೇನು ಹೊಸ ಆಟ ಎಂದು ನೀವು ಹುಬ್ಬು ಗಂಟಿಕ್ಕುತ್ತೀರಿ, ಗೊತ್ತು. ಫೋನಿನಲ್ಲಿ ನಾವು ಆಡುವುದಾದರೂ ಏನು ಹೇಳಿ. ಊಟ ಆಯಿತೇ ಎನ್ನುತ್ತೇನೆ, ಆಯಿತು ಎನ್ನುತ್ತೀರಿ. ಅಲ್ಲಿ ಬಿಸಿಲು ಹೇಗಿದೆ ಎನ್ನುತ್ತೀರಿ, ಇದೆ ಎನ್ನುತ್ತೇನೆ. ಆಮೇಲೆ ಇಬ್ಬರೂ ಫೋನ್ ಹಿಡಿದುಕೊಂಡು ಸುಮ್ಮನಿರುತ್ತೇವೆ. ಅದಕ್ಕೇ ಇದನ್ನು ಬರೆದು ಕೆಳಗಿನ ಮನೆಯ ಕಾನ್ರಾಡ್ ಕೈಯಲ್ಲಿ ಕಳಿಸುತ್ತಿದ್ದೇನೆ. ಭಾನುವಾರ ಅವರು ಅಬುಧಾಬಿಗೆ ಕೆಲಸಕ್ಕೆ ಬರುವಾಗ ತಂದುಕೊಡುತ್ತಾರೆ. ಜೊತೆಗೆ ಚಟ್ನಿಪುಡಿ, ಕೋಡುಬಳೆ ಇದೆ. ರೂಮಿನವರಿಗೂ ಕೊಡಿ, ಒಬ್ಬರೇ ಮುಕ್ಕಬೇಡಿ.

ಮೊದಲು ನನ್ನ ಸುಳ್ಳನ್ನು ಹೇಳಿಬಿಡುತ್ತೇನೆ. ದಸರೆಗೆ ನಾನು ಮೈಸೂರಿಗೆ, ಅಕ್ಕನ ಮನೆಗೆ ಹೋಗಿದ್ದೆ ಎಂದುಕೊಂಡಿದ್ದೀರಿ. ಹೋಗಿರಲಿಲ್ಲ. ಬೊಂಬೆ ಕೂರಿಸಿದ್ದಾರಾ ಎಂದು ನೀವು ಫೋನಿನಲ್ಲಿ ಕೇಳಿದಾಗ ಹೂಂ ಎಂದೆನಲ್ಲ, ಆಗ ನಾನು ಇಂಗ್ಲೆಂಡಿನಲ್ಲಿ, ಯಾರ್ಕ್ ಊರಿನ ರೈಲು ನಿಲ್ದಾಣದಲ್ಲಿ ನಿಂತಿದ್ದೆ. ನಮ್ಮ ನಿಧಿ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಹೋಗಬೇಕೆಂದಿದ್ದ ಪೇಟೆಗಳನ್ನು ನೀವಿಲ್ಲದೆ ಸುತ್ತಿ ಬಂದೆ. ಶಾಪಿಂಗ್ ಮಾಡಿ ಬಂದೆ ರೀ.

ಇಲ್ಲಿಗೇ ಓದು ನಿಲ್ಲಿಸಿ ಕಾಗದ ಮಡಚಬೇಡಿ. ನನ್ನಾಣೆ.

ಕೆಳಗೆ ಕಾನ್ರಾಡರ ಮನೆಯ ಎಲ್ಸಿಗೆ ಮಾತ್ರ ಹೇಳಿದ್ದೆ. ಮಂಗಳೂರಿನವಳ ಬಾಯಿ ನಿಮಗೆ ಗೊತ್ತಲ್ಲ. "ಲೋಕ ಇಡೀ ಶಾಪಿಂಗಿಗೆ ದುಬೈಗೆ ಬರ್ತದೆ, ನೀವು ಎಂತಕ್ಕೆ ಅಲ್ಲಿಗೆ ಹೋಗುದು ಮಾರಾಯ್ರೆ?" ಎಂದು ಕೇಳಿದಳು. ಆಮೇಲೆ ಅವಳಿಗೇ ಹೊಳೆಯಿತು ಕಾಣುತ್ತದೆ, ಸುಮ್ಮನೆ ಬಂದು ನನ್ನ ಪೆಟ್ಟಿಗೆ ತುಂಬಲು ಕೂತಳು.

ನಮ್ಮ ಪಾಸ್‌ಪೋರ್ಟಿನಲ್ಲಿ ಇಂಗ್ಲೆಂಡಿನ ಆ ವೀಸಾ ಇನ್ನೂ ಜನವರಿಯವರೆಗೆ ಇದೆ. ಎರಡು ವರ್ಷದ್ದು. ಲೀಡ್ಸಿನಲ್ಲಿ ಓದಲು ಸೇರಿದ ಮೊದಲ ಚಳಿಗಾಲದಲ್ಲೇ ನಿಧಿ ಹಟ ಹಿಡಿದಿದ್ದ, ಏಪ್ರಿಲ್ ರಜೆಯಲ್ಲಿ ಇಬ್ಬರೂ ಬರಲೇಬೇಕು ಎಂದು. ಶಾಪಿಂಗಿಗೆ ಅಷ್ಟು ದೂರ ಯಾಕೆ, ಕಿಟಕಿ ತೆಗೆದರೆ ಮಾಲ್ ಕಾಣುತ್ತದಲ್ಲ ಎಂದು ನೀವು ಗೊಣಗಿದಿರಿ. ಗೊಣಗುತ್ತಲೇ ಹೋಗಿ ಬೆರಳಚ್ಚು ಕೊಟ್ಟು ಬಂದಿರಿ. ಫೆಬ್ರವರಿಯಲ್ಲಿ ಅವನಿಗೆ ಎರಡು ದಿನದ ಮಿದುಳು ಜ್ವರ. ಪೇಟೆ ಸುತ್ತಲು ತೆಗೆದ ವೀಸಾದಲ್ಲಿ ಮಗನನ್ನು ದಹನ ಮಾಡಲು ಹೋದೆವು. ಬರುವಾಗ ಆ ಪುಟ್ಟ ಪೆಟ್ಟಿಗೆಯನ್ನು ನೀವು ಮಡಿಲಿನಿಂದ ಇಳಿಸಲಿಲ್ಲ. ವಿಮಾನದಲ್ಲಿ ಊಟ ತಂದ ಹುಡುಗಿ ತಟ್ಟೆಯ ಹಲಗೆ ಬಿಡಿಸಲು ಬಂದಳು, ಬೇಡ ಎಂದು ತಲೆಯಾಡಿಸಿದಿರಿ. ದುಬೈ, ಬೆಂಗಳೂರು, ಕೊನೆಗೆ ಪಶ್ಚಿಮವಾಹಿನಿಯ ನೀರು. ಒಂದು ಗಳಿಗೆಯಾದರೂ ನನ್ನ ಕೈಗೆ ಕೊಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಆ ದೇಶದಿಂದ ನಾವು ತಂದದ್ದು ಅದೊಂದೇ.

ಇನ್ನು ಪೇಟೆಗಳ ವಿಷಯ. ಲೀಡ್ಸಿನಲ್ಲಿ ತಿಲಕ್ ನಿಲ್ದಾಣಕ್ಕೇ ಬಂದಿದ್ದ. ನಿಧಿಯ ಜೊತೆ ಒಂದೇ ಮನೆಯಲ್ಲಿದ್ದ ಹುಡುಗ, ಉಡುಪಿಯವನು, ಶಾರ್ಜಾದಲ್ಲಿ ಬೆಳೆದವನು. ಈಗ ಲೀಡ್ಸಿನಲ್ಲೇ ಕೆಲಸದಲ್ಲಿದ್ದಾನೆ. ಲೀಡ್ಸಿನ ಮಾರುಕಟ್ಟೆ ನೋಡಿ ನನಗೆ ನಮ್ಮ ದೇವರಾಜ ಮಾರುಕಟ್ಟೆಯೇ ಕಣ್ಣಿಗೆ ಕಟ್ಟಿತು. ಒಂದೇ ಸೂರಿನಡಿ ಮೀನು, ಬಟ್ಟೆ, ಗುಂಡಿ, ದಾರ, ಎಲ್ಲ. ಕೂಗುವವರೂ ಹಾಗೇ ಕೂಗುತ್ತಾರೆ, ಭಾಷೆ ಬೇರೆ ಅಷ್ಟೆ. ಅದರಾಚೆ ಗಾಜಿನ ಮಾಡಿನ ಓಣಿಗಳು, ಎರಡೂ ಕಡೆ ದೊಡ್ಡ ದೊಡ್ಡ ಅಂಗಡಿಗಳು. ಅಲ್ಲಿ ಒಂದು ಸಾಮಾನು ತೆಗೆದೆ. ಅದರ ಸುದ್ದಿ ಆಮೇಲೆ.

ತಿಲಕ್ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗುವ ಮೊದಲು ಒಂದು ಬೆಂಚಿನ ಹತ್ತಿರ ಕರೆದುಕೊಂಡು ಹೋದ. "ಇದು ಅಂಕಲ್‌ಗೆ ಅಂತ ನಿಧಿ ನೋಡಿಟ್ಟದ್ದು ಆಂಟಿ," ಎಂದ. ನನಗೆ ಗೊತ್ತಿತ್ತು. ನಿಧಿ ಫೋನಿನಲ್ಲಿ ನನಗೆ ಹೇಳಿದ್ದ. ನಿಮಗೆ ಹೇಳಬೇಡ ಎಂದಿದ್ದ. ಈಗ ಹೇಳುತ್ತೇನೆ, ಕೇಳಿ.

ಶಾಪಿಂಗ್ ಎಂದರೆ ನಿಮಗೆ ಬೆಂಚು ತಾನೆ? ಇಪ್ಪತ್ತು ವರ್ಷ ಶುಕ್ರವಾರದ ಸಂಜೆಗಳಲ್ಲಿ ನಾನೂ ನಿಧಿಯೂ ಅಂಗಡಿ ಹೊಕ್ಕರೆ ನೀವು ಹೊರಗಡೆ ಬೆಂಚಿನ ಮೇಲೆ, ಕಾಲಮೇಲೆ ಕಾಲು ಹಾಕಿ, ತುಂಬಿದ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಿರಿ. ಊರಿನವರಿಗೆಲ್ಲ ಬಟ್ಟೆ, ವಾಚು, ಸೆಂಟು ಬಂತು. ನಿಮಗೇನು ಬೇಕು ಎಂದು ಕೇಳಿದರೆ, ನನಗೆ ಇನ್ನೊಂದು ಬೆಂಚು ತೋರಿಸಿ ಸಾಕು ಎನ್ನುತ್ತಿದ್ದಿರಿ. ನಿಧಿ ಅದನ್ನು ಮರೆತಿರಲಿಲ್ಲ. ಶಾಪಿಂಗಿಗೆ ಯಾವ ಊರು ಚೆನ್ನ ಎಂದು ಅವನು ಅಂಗಡಿ ನೋಡಿ ಆರಿಸಲಿಲ್ಲ ರೀ, ಬೆಂಚು ನೋಡಿ ಆರಿಸಿದ. ಒಂದೊಂದು ಭಾನುವಾರ ಒಂದೊಂದು ಊರಿಗೆ ಹೋಗಿ, ಎಲ್ಲಿ ಕೂತರೆ ಅಪ್ಪನಿಗೆ ಗಾಳಿ ಹೊಡೆಯುವುದಿಲ್ಲ, ಎಲ್ಲಿಂದ ಅಂಗಡಿಯ ಬಾಗಿಲು ಕಾಣುತ್ತದೆ ಎಂದು ಕೂತು ನೋಡುತ್ತಿದ್ದನಂತೆ. ನಿಮ್ಮ ಹಾಗೆ ಕಾಲಮೇಲೆ ಕಾಲು ಹಾಕಿ, ತಿಲಕನ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ನಿಮ್ಮ ಹಾಗೇ ಆಕಳಿಸಿ ತೋರಿಸುತ್ತಿದ್ದನಂತೆ. ಹೇಳುತ್ತಾ ತಿಲಕ್ ನಕ್ಕ. ನಾನೂ ನಕ್ಕೆ. ಎಷ್ಟೋ ತಿಂಗಳ ಮೇಲೆ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಯಾರ್ಕಿನಲ್ಲಿ ಒಂದು ಓಣಿ ಇದೆ, ಹಿಂದೆ ಕಟುಕರ ಬೀದಿಯಂತೆ. ಎರಡೂ ಕಡೆಯ ಹಳೇ ಮನೆಗಳ ಮಹಡಿಗಳು ಮುಂದಕ್ಕೆ ಬಾಗಿ ಒಂದಕ್ಕೊಂದು ಹಣೆ ತಾಗಿಸುವಂತಿವೆ. ಅಲ್ಲಿ ಅಕ್ಕನಿಗೆ ಸಾಬೂನು, ಎಲ್ಸಿಗೆ ಚಾಕೊಲೇಟು ತೆಗೆದೆ. ನಿಮ್ಮ ಬೆಂಚು ದೊಡ್ಡ ಚರ್ಚಿನ ಹತ್ತಿರ ಮರದ ಕೆಳಗಿದೆ. ಪಾರಿವಾಳದ ಕಾಟ ಇದೆ, ನೀವು ಬೈದುಕೊಳ್ಳುತ್ತಿದ್ದಿರಿ.

ಚೆಸ್ಟರ್ ಇನ್ನೂ ಚೆನ್ನ. ಅಂಗಡಿಗಳು ಎರಡು ಸಾಲು, ಬೀದಿಯಲ್ಲೊಂದು, ಮೆಟ್ಟಿಲು ಹತ್ತಿದರೆ ಮೇಲೊಂದು. ಮೇಲಿನ ಸಾಲಿಗೆ ನಮ್ಮ ಹಳೇ ಮನೆಗಳ ಜಗುಲಿಯ ಹಾಗೆ ಉದ್ದಕ್ಕೂ ಮಾಡು. ಮಳೆ ಬಂದರೂ ನೆನೆಯದೆ ಪೇಟೆ ಸುತ್ತಬಹುದು. ನಾನು ಹೋದ ದಿನ ಮಳೆ ಇತ್ತು. ಅಲ್ಲೊಂದು ಮರದ ಬೆಂಚಿನ ಮೇಲೆ ತಿಲಕ್ ನನ್ನನ್ನು ಕೂರಿಸಿ ಕಾಫಿ ತರಲು ಎದುರಿನ ಅಂಗಡಿಗೆ ಹೋದ. ನನ್ನ ಜೀವಮಾನದಲ್ಲಿ ಪೇಟೆಯ ಬೆಂಚಿನ ಮೇಲೆ ಚೀಲ ಹಿಡಿದು ಕೂತದ್ದು ಅದೇ ಮೊದಲು. ನಾನು ಯಾವಾಗಲೂ ಒಳಗಿರುತ್ತಿದ್ದವಳಲ್ಲವೇ?

ಕೂತಾಗ ಗೊತ್ತಾಯಿತು, ನೀವು ಸುಮ್ಮನೆ ಕೂತಿರುತ್ತಿರಲಿಲ್ಲ ಎಂದು. ಕಣ್ಣು ತಾನಾಗಿಯೇ ಬಾಗಿಲಿಗೆ ಹೋಗುತ್ತದೆ. ಯಾರೋ ಬರುತ್ತಾರೆ, ನಮ್ಮವರಲ್ಲ. ಇನ್ಯಾರೋ ಬರುತ್ತಾರೆ, ನಮ್ಮವರಲ್ಲ. ಆಮೇಲೆ ನಾವಿಬ್ಬರೂ ಏನೋ ಕಿತ್ತಾಡಿಕೊಂಡು ಹೊರಗೆ ಬಂದರೆ ನಿಮ್ಮ ಮುಖ ಅರಳುತ್ತಿತ್ತಲ್ಲ, ಅದು ನನಗೆ ಆ ದಿನ ಅರ್ಥವಾಯಿತು. ನಾನೊಬ್ಬಳೇ ಹೊರಗೆ ಬರುವುದನ್ನು ನೀವು ನೋಡಲಾರಿರಿ. ಅದಕ್ಕೇ ಅಬುಧಾಬಿಗೆ ಹೋದಿರಿ. ಕಂಪನಿಯವರು ಕಳಿಸಿದರು ಎಂದಿರಿ. ನೀವೇ ಕೇಳಿಕೊಂಡು ಹೋದದ್ದು ನನಗೆ ಗೊತ್ತು, ನನಗೆ ಗೊತ್ತಿದೆ ಎಂದು ನಿಮಗೂ ಗೊತ್ತು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದಿರಿ, ಆಮೇಲೆ ತಿಂಗಳಿಗೊಮ್ಮೆ. ಗೌರಿ ಹಬ್ಬದಿಂದ ಈಚೆಗೆ ಅದೂ ಇಲ್ಲ.

ಇನ್ನೊಂದು ಮಾತಿದೆ. ಪಶ್ಚಿಮವಾಹಿನಿಯ ಮೆಟ್ಟಿಲಿನ ಮೇಲೆ, ಒದ್ದೆ ಪಂಚೆಯಲ್ಲಿ, ನನ್ನ ಕಡೆ ನೋಡದೆ ನೀವು ಹೇಳಿದಿರಿ: "ನೀನು ತಾನೆ ಕಳಿಸಿದ್ದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆ ದಿನ ಉತ್ತರ ಕೊಡಲಿಲ್ಲ, ಆಮೇಲೂ ಕೊಡಲಿಲ್ಲ. ಎರಡು ವರ್ಷ ಆಗುತ್ತಾ ಬಂತು, ಒಂದು ದಿನವೂ ಅದು ನನ್ನ ಕಿವಿಯಿಂದ ಹೋಗಿಲ್ಲ. ಹೌದು, ಲೀಡ್ಸಿಗೆ ಹೋಗಲಿ ಎಂದವಳು ನಾನೇ. ಆದರೆ ಅಲ್ಲಿ ಅವನು ಹೇಗಿದ್ದ ಎಂದು ನಮಗೆ ಯಾರು ಹೇಳಿದ್ದರು? ನಾವು ನೋಡಿದ್ದು ಆಸ್ಪತ್ರೆಯ ಮಂಚ ಮಾತ್ರ. ಈಗ ನಾನು ನೋಡಿ ಬಂದೆ. ಅವನು ಸುಖವಾಗಿದ್ದ ರೀ. ಊರೂರು ಸುತ್ತಿ, ನಗುತ್ತಾ, ಅಪ್ಪನಿಗೆ ಬೆಂಚು ಹುಡುಕಿಕೊಂಡು ಇದ್ದ. ನನ್ನ ಮೇಲೆ ನಿಮಗೆ ಕೋಪವಿದ್ದರೆ ಇರಲಿ, ಮನೆಗೆ ಬಂದು ಕೋಪ ಮಾಡಿ. ಇಷ್ಟು ದೂರದಿಂದ ಕೋಪ ಮಾಡಿಸಿಕೊಂಡು ಬದುಕಲು ನನ್ನ ಕೈಲಿ ಆಗುತ್ತಿಲ್ಲ.

ಬಾತ್ ಎಂಬ ಇನ್ನೊಂದು ಊರಿದೆ. ಅಲ್ಲೊಂದು ಸೇತುವೆ, ಅದರ ಮೇಲೆ ಎರಡೂ ಕಡೆ ಅಂಗಡಿಗಳಂತೆ. ನಾನು ಅಲ್ಲಿಗೆ ಹೋಗಲಿಲ್ಲ. ಕೊನೆಯ ಸಲ ಫೋನ್ ಮಾಡಿದಾಗ ನಿಧಿ ಹೇಳಿದ್ದ, "ಬಾತ್‌ನಲ್ಲಿ ಇನ್ನೂ ಬೆಂಚ್ ನೋಡಿಲ್ಲಮ್ಮ. ಮುಂದಿನ ತಿಂಗಳು ಹೋಗಿ ನೋಡಿಡ್ತೀನಿ." ಅವನು ನೋಡದ ಊರಿನಲ್ಲಿ ನಾನೊಬ್ಬಳೇ ಹೋಗಿ ಏನು ಹುಡುಕಲಿ?

ಗುರುವಾರ ಸಂಜೆ ಕಾನ್ರಾಡ್ ವಾಪಸು ಬರುವಾಗ ಅವರ ಕಾರಿನಲ್ಲಿ ಜಾಗ ಇರುತ್ತದಂತೆ. ನಾನು ಕೇಳಿಟ್ಟಿದ್ದೇನೆ. ನೀವು ಬರುತ್ತೀರಿ ಎಂದು ಹೇಳಿಲ್ಲ, ಜಾಗ ಇದೆಯೇ ಎಂದು ಮಾತ್ರ ಕೇಳಿದೆ. ಬಂದರೆ ಬಿಸಿಬೇಳೆಬಾತ್ ಮಾಡುತ್ತೇನೆ. ಬಾರದಿದ್ದರೆ ನನಗೊಬ್ಬಳಿಗೆ ಅನ್ನ ಸಾರು ಸಾಕು.

ಇಂತಿ, ಒಳಗಿನಿಂದ ಒಬ್ಬಳೇ ಹೊರಬರುತ್ತಿರುವ ನಿಮ್ಮ
ಚಾಮು

ತಾಜಾ ಕಲಂ: ಲೀಡ್ಸಿನಲ್ಲಿ ತೆಗೆದ ಸಾಮಾನು ಒಂದು ಉಣ್ಣೆಯ ಕೋಟು. ದಪ್ಪನೆಯದು, ಕಪ್ಪು ಬಣ್ಣ. ಅಂಗಡಿಯವಳು ಯಾರಿಗೆ, ಅಳತೆ ಏನು ಎಂದಳು. ನಿಮ್ಮದೂ ನಿಧಿಯದೂ ಅಂಗಿಯ ಅಳತೆ ಒಂದೇ ಎನ್ನುವುದು ನೆನಪಾಯಿತು, ಆ ಅಳತೆಯನ್ನೇ ಹೇಳಿದೆ. ಈ ಬಿಸಿಲಿನ ಊರಿಗೆ ಇದೆಂತಕ್ಕೆ ಎಂದು ಎಲ್ಸಿ ಕೇಳಿದಳು. ಇದು ನಾನು ಆರಿಸಿದ್ದಲ್ಲ. ಅಮ್ಮ, ಊರು ಸುತ್ತುವ ಮೊದಲು ಲೀಡ್ಸಿನಲ್ಲಿ ಅಪ್ಪನಿಗೊಂದು ಕೋಟು ತೆಗೆಯಬೇಕು, ಇಲ್ಲಿ ಬೆಂಚಿನ ಮೇಲೆ ಕೂತರೆ ಅವರಿಗೆ ಚಳಿಯಾಗುತ್ತದೆ ಎಂದು ನಿಧಿ ಹೇಳಿದ್ದ. ಅಂಗಡಿಯನ್ನೂ ಅವನೇ ನೋಡಿಟ್ಟಿದ್ದ. ಕೋಟನ್ನು ಕಾನ್ರಾಡ್ ಕೈಗೆ ಕೊಟ್ಟಿಲ್ಲ. ನಿಧಿಯ ಕೋಣೆಯ ಬಾಗಿಲ ಹಿಂದೆ ನೇತುಹಾಕಿದ್ದೇನೆ. ಬಂದು ಹಾಕಿ ನೋಡಿ.