ಮಡಿಕೆಯೊಳಗಿನ ಕುದುರೆ

ಮನೆಯ ಹೊಲಿಗೆ ಕೋಣೆಯಿಂದ,
ಜೂನ್ ಎಂಟು, ಶನಿವಾರ ಮಧ್ಯಾಹ್ನ

ಪ್ರೀತಿಯ ಮೇಷ್ಟ್ರೇ,

ಹೇಗಿದ್ದೀರಿ? ಕಣ್ಣಿನ ಉರಿ ಇಳಿಯಿತೇ? ಕುತ್ತಿಗೆ ನೋವು ಹೇಗಿದೆ? ಆಪರೇಷನ್ ಮಾಡಿದ ಡಾಕ್ಟರು ಕಣ್ಣಿನೊಳಗೆ ಗಾಳಿಗುಳ್ಳೆ ಬಿಟ್ಟಿದ್ದಾರೆ, ಅದು ಕರಗುವವರೆಗೆ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಕೊಂಡೇ ಇರಬೇಕು ಎಂದು ಮಗಳು ಹೇಳಿದಳು. ಹಾಗೇ ಇರಿ. ಜೀವಮಾನವಿಡೀ ಮಕ್ಕಳಿಗೆ ತಲೆ ತಗ್ಗಿಸಿ ಲೆಕ್ಕ ಮಾಡಿ ಎಂದು ಗದರಿದವರಿಗೆ ಅದರ ಸುಖವೂ ಸ್ವಲ್ಪ ಗೊತ್ತಾಗಲಿ. ಫೋನಿದ್ದೂ ಪತ್ರ ಏಕೆ ಎಂದು ಕೇಳಬೇಡಿ. ಫೋನಿನಲ್ಲಿ ನೀವು "ಹೂಂ" ಅನ್ನುತ್ತೀರಿ, "ಸರಿ" ಅನ್ನುತ್ತೀರಿ, ಹೆಚ್ಚೆಂದರೆ "ನಿನಗೆ ತೋಚಿದ ಹಾಗೆ ಮಾಡು" ಅನ್ನುತ್ತೀರಿ. ಪತ್ರವಾದರೆ ಮಗಳು ಓದುತ್ತಾಳೆ, ನೀವು ದಿಂಬಿಗೆ ಮುಖವಿಟ್ಟು ಪೂರ್ತಿ ಕೇಳಲೇಬೇಕು. ಮಧ್ಯೆ ಬಾಯಿ ಹಾಕಿದರೂ ನನಗೆ ಕೇಳಿಸುವುದಿಲ್ಲ. ಮಗಳೇ, ನಿಧಾನವಾಗಿ ಓದು, ವಾಕ್ಯ ನುಂಗಬೇಡ.

ಇಲ್ಲಿ ಎಲ್ಲ ಸುಸೂತ್ರ. ಶಾಲೆ ಶುರುವಾಗುವ ಕಾಲವಾದ್ದರಿಂದ ಯೂನಿಫಾರಂ ಹೊಲಿದು ಹೊಲಿದು ಬೆರಳ ತುದಿ ಮರಗಟ್ಟಿದೆ. ನಾನು ನಿಮ್ಮ ಜೊತೆ ಮಗಳ ಮನೆಗೆ ಬರದೆ ಉಳಿದದ್ದಕ್ಕೆ ಈ ಬಟ್ಟೆಯ ರಾಶಿ ಅರ್ಧ ಕಾರಣ, ಇನ್ನರ್ಧ ನಿಮ್ಮ ಕಪಾಟು. "ಮನೆಗೆ ಬೀಗ ಜಡಿದ್ರೆ ಪುಸ್ತಕಕ್ಕೆ ಹುಳ ಬೀಳುತ್ತೆ, ನೀನು ಇಲ್ಲೇ ಇರು" ಅಂದಿರಲ್ಲ, ಇದ್ದೇನೆ. ದಿನಕ್ಕೊಂದು ಸಾಲು ಇಳಿಸಿ, ಒಣಬಟ್ಟೆಯಲ್ಲಿ ಒರೆಸಿ, ಗಾಳಿಗೆ ಇಟ್ಟು (ಬಿಸಿಲಿಗಲ್ಲ, ಗೊತ್ತು, ಗೊತ್ತು) ಮತ್ತೆ ಜೋಡಿಸುತ್ತಿದ್ದೇನೆ. ಒರೆಸುವಾಗ ಸುಮ್ಮನಿರುವುದು ಹೇಗೆ, ಒಂದೆರಡು ಪುಟ ತಿರುವುತ್ತೇನೆ. ಆಯಸ್ಕಾಂತದ ಬಗ್ಗೆ ಬರೆದ ಆ ದಪ್ಪ ಪುಸ್ತಕವಿದೆಯಲ್ಲ, ಅದರ ಚಿತ್ರಗಳಲ್ಲೆಲ್ಲ ಸೂಜಿಯನ್ನೋ ಸಲಾಕೆಯನ್ನೋ ಹಿಡಿದ ಒಂದು ಕೈ ಬರುತ್ತದೆ. ಕೈ ಒಂದೇ, ಆದರೆ ತೋಳಿನ ತುದಿಯ ಲೇಸು ಮಾತ್ರ ಪ್ರತಿ ಚಿತ್ರದಲ್ಲೂ ಬೇರೆ. ಇಷ್ಟು ವರ್ಷ ಆ ಪುಸ್ತಕ ಓದಿದ ನೀವು ಇದನ್ನು ನೋಡಿದ್ದೀರಾ? ಚಿತ್ರ ಬರೆದವನಿಗೆ ಆಯಸ್ಕಾಂತ ಬೇಸರವಾಗಿ ಲೇಸಿನಲ್ಲಿ ಮನಸ್ಸು ಹೋಯಿತೋ, ಅಥವಾ ಅವನ ಮನೆಯಲ್ಲೂ ಒಬ್ಬಳು ಹೊಲಿಯುವವಳು ಇದ್ದಳೋ? ಎರಡು ದಿನದಿಂದ ಇದೇ ಯೋಚನೆ.

ಆದರೆ ನನ್ನ ಜೀವವಿರುವುದು ಕೆಳಗಿನ ಸಾಲಿನಲ್ಲಿ, ಹಳೆಯ ವಾಹನಗಳ ಕ್ಯಾಟಲಾಗುಗಳಲ್ಲಿ. ವಿಜ್ಞಾನದ ಪುಸ್ತಕಗಳ ಕಟ್ಟಿನೊಂದಿಗೆ ಪುಕ್ಕಟೆ ಬಂದ ಮೊದಲನೆಯದನ್ನು ನೀವು ರದ್ದಿಗೆ ಎಸೆಯಲು ಹೊರಟಿದ್ದಿರಿ, ನೆನಪಿದೆಯೇ? ಒಳಗೆ ಸೀಟಿನ ಬಟ್ಟೆಯ ಚೂರುಗಳನ್ನು ಸಾಲಾಗಿ ಅಂಟಿಸಿದ್ದು ನೋಡಿ ನಾನೇ ಕಿತ್ತುಕೊಂಡೆ. ಕಾರು ಎಂಬುದು ಹೊಸದಾಗಿ ಬಂದ ಕಾಲದಲ್ಲಿ ಜನ ಅದನ್ನು ಕೋಟು ಹೊಲಿಸಿದ ಹಾಗೆ ಹೊಲಿಸಿಕೊಳ್ಳುತ್ತಿದ್ದರು. ಬಟ್ಟೆ ಯಾವುದು, ಅಂಚು ಯಾವುದು, ಟೋಪಿ ಇಡಲು ಪೆಟ್ಟಿಗೆ ಬೇಕೇ, ಬಾಗಿಲ ಪಕ್ಕ ಹೂವಿನ ಕೊಳವೆ ಬೇಕೇ! ಹಿಂದೆ ಕೂತವರ ಮಾತು ಮುಂದಿರುವ ಡ್ರೈವರನ ಕಿವಿಗೆ ಮುಟ್ಟಿಸಲು ಒಂದು ರಬ್ಬರಿನ ನಳಿಕೆಯನ್ನೂ ಮಾರುತ್ತಿದ್ದರು. ಅಂಥದ್ದೊಂದು ನಮ್ಮ ಮನೆಯಲ್ಲಿ ಇದ್ದಿದ್ದರೆ ನನಗೆ ಈ ಪತ್ರ ಬರೆಯುವ ಕೆಲಸ ತಪ್ಪುತ್ತಿತ್ತು. ಈ ವಾರ ಹಸಿರು ರಟ್ಟಿನ ಕ್ಯಾಟಲಾಗಿನಲ್ಲಿ ಇನ್ನೊಂದು ಸಂಗತಿ ಕಂಡಿತು. ಬಟ್ಟೆಯ ಚೂರುಗಳೆಲ್ಲ ಹೊಸದರ ಹಾಗಿವೆ, ದಾಳಿಂಬೆ ಬಣ್ಣದ ಮಖಮಲ್ಲಿನದು ಮಾತ್ರ ನಡುವೆ ಬೋಳಾಗಿದೆ. ಹುಳ ತಿಂದದ್ದಲ್ಲ, ಬೆರಳು ತಿಂದದ್ದು. ಯಾರೋ ಅದೊಂದನ್ನೇ ಸವರಿ ಸವರಿ ನವಿರು ಕಳೆದಿದ್ದಾರೆ. ಆಸೆಪಟ್ಟವರು ಕಾರು ಕೊಂಡರೋ, ಸವರಿದ್ದರಲ್ಲೇ ಮುಗಿಯಿತೋ? ಹೇಳುವವರು ಯಾರೂ ಇಲ್ಲ. ಇಂಥದ್ದೆಲ್ಲ ನನ್ನ ನಿದ್ದೆ ಕೆಡಿಸುತ್ತದೆ, ನಗಬೇಡಿ.

ಈಗ ಚಕ್ರದ ಪುಸ್ತಕದ ವಿಷಯ. ಮೊಮ್ಮಗಳು ಪಕ್ಕದಲ್ಲಿ ಕೂತಿರುತ್ತಾಳೆ, ಅವಳಿಗೂ ತಿಳಿಯಲಿ ಎಂದು ಬಿಡಿಸಿ ಬರೆಯುತ್ತೇನೆ. ಪುಟಾಣಿ, ಹಿಂದೆ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ, ಅದನ್ನು ಮಡಿಚಿ, ಮಡಿಚಿದ ಹಾಗೇ ಹೊಲಿದು ಪುಸ್ತಕ ಮಾರುತ್ತಿದ್ದರು. ತಲೆಯ ಕಡೆಯ ಮಡಿಕೆಯನ್ನು ಕೊಂಡವರೇ ಚಾಕುವಿನಿಂದ ಬಿಡಿಸಿಕೊಂಡು ಓದಬೇಕು. ನಿನ್ನ ತಾತನ ಬಳಿ ಇರುವ ಚಕ್ರದ ಪುಸ್ತಕವನ್ನು ಮಾತ್ರ ಯಾರೂ ಬಿಡಿಸಿಲ್ಲ. ಎರಡು ಪುಟ ಓದಲು ಸಿಗುತ್ತದೆ, ಮುಂದಿನ ಎರಡು ಮಡಿಕೆಯ ಒಳಗೆ, ಆಮೇಲೆ ಮತ್ತೆರಡು ಸಿಗುತ್ತದೆ. ಹೀಗೆ ಕೊನೆಯವರೆಗೆ. ಬಿಡಿಸಿದರೆ ಅಂಥ ಪುಸ್ತಕದ ಗೌರವ ಹೋಯಿತು ಎನ್ನುವುದು ಹಳೆ ಪುಸ್ತಕ ಕೂಡಿಡುವವರ ನೇಮ. ನಿನ್ನ ತಾತ ಅದನ್ನು ಅರ್ಧ ಓದಿ, ಇನ್ನರ್ಧ ತಾವೇ ಊಹಿಸಿಕೊಂಡು, ಇಡೀ ಪುಸ್ತಕ ಓದಿದವರ ಗತ್ತಿನಲ್ಲಿ ಓಡಾಡಿದವರು. ನನ್ನ ಕತ್ತರಿಗೆ ಆ ಕಪಾಟಿನ ಹತ್ತಿರ ಸುಳಿಯಲೂ ಅಪ್ಪಣೆ ಇರಲಿಲ್ಲ.

ಮಗಳೇ, ನಿನಗೆ ನೆನಪಿರಲೇಬೇಕು. ಆ ಪುಸ್ತಕ ಬರೆದಾತ ಒಂದು ಪುಟ್ಟ ಬಂಡಿಗೆ ದೊಡ್ಡ ಚಕ್ರ, ಸಣ್ಣ ಚಕ್ರ ಬದಲಾಯಿಸಿ ಹಾಕಿ, ಮರಳು, ಜಲ್ಲಿ, ಒದ್ದೆ ಮಣ್ಣಿನ ಮೇಲೆ ಎಳೆಸುತ್ತಾನೆ. ಎಳೆಯಲು ಎಷ್ಟು ಜೋರು ಬೇಕಾಯಿತು ಎಂದು ಬಂಡಿಗೆ ಕಟ್ಟಿದ ಸ್ಪ್ರಿಂಗ್ ತಕ್ಕಡಿಯಲ್ಲಿ ನೋಡಿ ಬರೆದುಕೊಳ್ಳುತ್ತಾನೆ. ಎಳೆಯುವುದು ಅವನದೇ ಮುದಿ ಕುದುರೆ. ಒದ್ದೆ ಮಣ್ಣಿನ ಸರದಿ ಬಂದಾಗ ಕುದುರೆ ಜಾರಿ ಮಂಡಿಯೂರುತ್ತದೆ, ಪುಟ ಮುಗಿಯುತ್ತದೆ, ಮಡಿಕೆ ಬರುತ್ತದೆ. ಮತ್ತೆ ಸಿಗುವ ಪುಟದಲ್ಲಿ ಕುದುರೆಯ ಸುದ್ದಿಯೇ ಇಲ್ಲ. "ಭಾರ ಇಳಿಸಿ ಎಳೆದಾಗ ಎಳೆತ ಕಡಿಮೆ, ಆದರೆ ಏರಿಳಿತವಿಲ್ಲದೆ ಒಂದೇ ಸಮ" ಎಂದು ಅವನು ಆರಾಮಾಗಿ ಲೆಕ್ಕ ಮುಂದುವರಿಸುತ್ತಾನೆ. ನೀನು ಸಣ್ಣವಳಿದ್ದಾಗ "ಕುದುರೆಗೆ ಏನಾಯ್ತಪ್ಪಾ?" ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಕೇಳುತ್ತಿದ್ದೆ. ನಿನ್ನಪ್ಪ ಒಂದು ದಿನ ಅದಕ್ಕೆ ಪಿಂಚಣಿ ಕೊಡಿಸುತ್ತಿದ್ದರು, ಇನ್ನೊಂದು ದಿನ ಪಕ್ಕದ ಮನೆಯ ಹೇಸರಗತ್ತೆಯನ್ನು ಬಂಡಿಗೆ ಕಟ್ಟುತ್ತಿದ್ದರು. ನಾನು ಮಡಿಕೆಯನ್ನು ಕೊಳವೆಯ ಹಾಗೆ ಉಬ್ಬಿಸಿ, ಕೆಳಗಿನಿಂದ ಟಾರ್ಚು ಬಿಟ್ಟು, ಒಂದು ಕಣ್ಣು ಮುಚ್ಚಿ ಇಣುಕಿದ್ದೂ ಉಂಟು. ಅರ್ಧ ಸಾಲು ಕಾಣುತ್ತಿತ್ತು, ಅದರಲ್ಲಿ ಕುದುರೆಯ ಬಾಲವೂ ಇರಲಿಲ್ಲ.

ಮೇಷ್ಟ್ರೇ, ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ. ಬುಧವಾರ ಮಗಳು ಫೋನ್ ಮಾಡಿ ನಿಮ್ಮ ಮಾತು ಒಪ್ಪಿಸಿದಳು. "ಅಮ್ಮಾ, ಚಕ್ರದ ಪುಸ್ತಕಾನ ಭೂತಗನ್ನಡಿಯವರಿಗೆ ಕೊಟ್ಟುಬಿಡಬೇಕಂತೆ. ಇನ್ನು ನನಗ್ಯಾಕೆ ಅಂತಾರೆ." ಓಡಾಡುವಷ್ಟು, ಮುಖ ಗುರುತಿಸುವಷ್ಟು ದೃಷ್ಟಿ ಬರುತ್ತದೆ, ಸಣ್ಣ ಅಕ್ಷರದ ಮಾತು ಮಾತ್ರ ಹೇಳಲಾಗದು ಎಂದು ಡಾಕ್ಟರು ಹೇಳಿದ ಮರುದಿನವೇ ನೀವು ಹೀಗೆ ಹೇಳಿ ಕಳಿಸಿದಿರಿ. ಹೊಲಿಯುತ್ತಿದ್ದ ಯಂತ್ರ ನಿಲ್ಲಿಸಿದೆ. ಕಣ್ಣಿಗಾಗಿ ಅಲ್ಲ, ಕಣ್ಣು ಆದಷ್ಟು ಆಗುತ್ತದೆ. ನಿಮ್ಮ ಬಾಯಲ್ಲಿ "ನನಗ್ಯಾಕೆ" ಎನ್ನುವ ಮಾತನ್ನು ನಾನು ಕೇಳಿದ್ದೇ ಇಲ್ಲ. ರಸ್ತೆಯಲ್ಲಿ ಬಿದ್ದ ತಿರುಪನ್ನೂ "ಇದು ಯಾವುದರದ್ದಿರಬಹುದು" ಎಂದು ಜೇಬಿಗೆ ಹಾಕಿಕೊಳ್ಳುವ ಗಂಡಸು ನೀವು. ಇವತ್ತು ಚಕ್ರದ ಪುಸ್ತಕ ಹೋದರೆ ನಾಳೆ ಆಯಸ್ಕಾಂತ ಹೋಗುತ್ತದೆ, ಆಮೇಲೆ ಇಡೀ ಕಪಾಟು. ಕೊನೆಗೆ ಖಾಲಿ ಕಪಾಟಿನ ಎದುರು ನೀವು ಸುಮ್ಮನೆ ಕೂತಿರುತ್ತೀರಿ. ನನಗೆ ಭಯವಾಗುವುದು ಅದಕ್ಕೇ.

ಆದರೂ ನಿಮ್ಮ ಪುಸ್ತಕ, ನಿಮ್ಮ ಮಾತು. ಭೂತಗನ್ನಡಿಗೆ ಹೇಳಿ ಕಳಿಸಿದೆ. (ಮೊಮ್ಮಗಳೇ, ಇವರು ಹಳೆ ಪುಸ್ತಕದ ವ್ಯಾಪಾರಿ. ಕೊರಳಿಗೆ ಸದಾ ಭೂತಗನ್ನಡಿ ನೇತುಹಾಕಿಕೊಂಡಿರುವುದರಿಂದ ಆ ಹೆಸರು, ಇಟ್ಟದ್ದು ನಿನ್ನ ತಾತ.) ನಿನ್ನೆ ಬಂದರು. ಕೈ ತೊಳೆದು, ಒರೆಸಿ, ಉಸಿರು ಬಿಗಿಹಿಡಿದು ಒಂದೊಂದು ಮಡಿಕೆಯನ್ನೂ ನೋಡಿದರು. "ಒಳಗೇನಿದೆ ಅಂತ ನಿಮಗೆ ಗೊತ್ತಾಗೋದು ಬೇಡ್ವಾ?" ಎಂದು ಕೇಳಿದೆ. "ಯಾರೂ ಓದಿಲ್ಲ ಅನ್ನೋದೇ ಇದರ ಹೆಚ್ಚುಗಾರಿಕೆ ತಾಯಿ. ಕೊಳ್ಳೋರು ಗಾಜಿನ ಪೆಟ್ಟಿಗೇಲಿ ಇಡ್ತಾರೆ, ಮುಟ್ಟೋದೂ ಇಲ್ಲ" ಎಂದರು. ಹೊಲಿಸಿಕೊಂಡ ಅಂಗಿಯನ್ನು ಹಾಕದೆಯೇ ಪೆಟ್ಟಿಗೆಯಲ್ಲಿಟ್ಟು ಪೂಜಿಸುವ ಗಿರಾಕಿ ನನಗಂತೂ ಇದುವರೆಗೆ ಸಿಕ್ಕಿಲ್ಲ. ಇವತ್ತು ಸಂಜೆ ಒಯ್ಯಲು ಬರುತ್ತಾರೆ. ಸುತ್ತಿ ಕೊಡಲು ಒಗೆದ ಮೆದು ಬಟ್ಟೆ ತೆಗೆದಿಟ್ಟಿದ್ದೇನೆ. ಪುಸ್ತಕ ನನ್ನೆದುರು ಹೊಲಿಗೆ ಯಂತ್ರದ ಹಲಗೆಯ ಮೇಲೆ ಕೂತಿದೆ, ನಾನು ಅದನ್ನು ನೋಡುತ್ತಾ ಇದನ್ನು ಬರೆಯುತ್ತಿದ್ದೇನೆ.

ಮಗಳಿಗೂ ಮೊಮ್ಮಗಳಿಗೂ ಮುತ್ತು, ನಿಮ್ಮನ್ನು ಆಸ್ಪತ್ರೆಗೆ ಹೊತ್ತು ತಿರುಗುತ್ತಿರುವ ಅಳಿಯಂದಿರಿಗೆ ನನ್ನ ಆಶೀರ್ವಾದ. ನಿಮಗೆ ಆಶೀರ್ವಾದ ಮಾಡುವ ಅಧಿಕಾರ ನನಗಿಲ್ಲವಂತೆ, ಆದ್ದರಿಂದ ಬರೀ ತಾಕೀತು: ಹನಿ ಮದ್ದು ತಪ್ಪಿಸಬೇಡಿ, ಕುತ್ತಿಗೆಗೆ ಬಿಸಿಬಟ್ಟೆಯ ಶಾಖ ಕೊಡಿಸಿಕೊಳ್ಳಿ, ಮಗಳ ಮೇಲೆ ರೇಗಬೇಡಿ.

ಇಂತಿ, ಬಾಯಲ್ಲೂ ಕೈಯಲ್ಲೂ ನಿಮ್ಮ
ಕತ್ತರಿ

ತಾ.ಕ.: ಸಂಜೆ ಬರೆಯುತ್ತಿದ್ದೇನೆ, ಅವಸರದಲ್ಲಿ. ಭೂತಗನ್ನಡಿ ಬಂದು ಬರಿಗೈಯಲ್ಲಿ ಹೋದರು, ಕೊಟ್ಟ ಕಾಫಿಯನ್ನೂ ಪೂರ್ತಿ ಕುಡಿಯಲಿಲ್ಲ. ಅವರು ಬರುವ ಮುಂಚೆ ನಾನು ಕುದುರೆಯ ಮಡಿಕೆ ಬಿಡಿಸಿಬಿಟ್ಟೆ. ಹೌದು, ಬಿಡಿಸಿದೆ, ಕತ್ತರಿಯಿಂದಲ್ಲ, ಅಡುಗೆಮನೆಯ ಮೊಂಡು ಚಾಕುವಿನಿಂದ. ಅಂಚು ನೀಟಾಗಿ ಬಂದಿದೆ. ಇನ್ನು ಆ ಪುಸ್ತಕ ಗಾಜಿನ ಪೆಟ್ಟಿಗೆಗೆ ಆಗದು, ಅದಕ್ಕೆ ನಾವೇ ಗತಿ. ಉಳಿದ ಮಡಿಕೆಗಳನ್ನು ಮುಟ್ಟಿಲ್ಲ, ಅವು ನಿಮ್ಮವು. ಕಣ್ಣು ಮುಚ್ಚಿಕೊಂಡು ಒಂದು ರದ್ದಿ ಕಾಗದ ಮಡಿಚಿ ಪರೀಕ್ಷೆಯನ್ನೂ ಮಾಡಿ ನೋಡಿದೆ: ಮಡಿಕೆ ಬಿಡಿಸಲು ಕಣ್ಣು ಬೇಡ, ಬೆರಳಿಗೆ ಅದು ತಾನಾಗಿಯೇ ಸಿಗುತ್ತದೆ. ನೀವು ಬಿಡಿಸುತ್ತಾ ಹೋಗಿ, ನಾನು ಓದುತ್ತಾ ಬರುತ್ತೇನೆ. ಕುದುರೆಗೆ ಏನಾಯಿತು ಎಂದು ಈಗ ಬರೆಯುವುದಿಲ್ಲ. ಬೈಯುವುದಿದ್ದರೆ ಮನೆಗೆ ಬಂದು ಬೈಯಿರಿ.

ಮಗಳೇ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ, ಇದು ನಿನಗೊಬ್ಬಳಿಗೆ. ಕುದುರೆಗೆ ಏನೂ ಆಗಿಲ್ಲ ಕಣೆ, ಲಾಳ ಸಡಿಲವಾಗಿತ್ತು ಅಷ್ಟೆ. ಕುದುರೆಯನ್ನು ಬಂಡಿಯಿಂದ ಬಿಚ್ಚಿ ಹುಲ್ಲಿಗೆ ಬಿಟ್ಟರಂತೆ. ಆತ ಪ್ರಯೋಗವೇ ಸಾಕು ಎಂದು ಲೆಕ್ಕದ ಪುಸ್ತಕ ಮುಚ್ಚಿ ಕೂತನಂತೆ. ಆಗ ಅವನ ಹೆಂಡತಿ ಬಂಡಿಯಲ್ಲಿ ಭಾರಕ್ಕಿಟ್ಟ ಕಲ್ಲುಗಳನ್ನು ಇಳಿಸಿ, ಸೆರಗನ್ನೋ ಲಂಗವನ್ನೋ ಮೇಲೆ ಕಟ್ಟಿ, ತಾನೇ ಎಳೆದಳಂತೆ, ನೀವು ತಕ್ಕಡಿ ನೋಡಿ ಅಂದಳಂತೆ. ಅಪ್ಪನಿಗೆ ಈಗಲೇ ಹೇಳಬೇಡ, ದಾರಿಯುದ್ದಕ್ಕೂ ಊಹಿಸುತ್ತಾ ಬರಲಿ.